ಪುಟ್ಟಿ, ನಿನ್ನ ಹೊಟ್ಟೆ ಹೇಗಿದೆ?

ಚಿ. ಸೌ. ಪುಟ್ಟಿಗೆ,
ತಿಪಟೂರಿನಿಂದ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ‘ಹೇಗಿದ್ದೀಯಮ್ಮ’ ಅಂತ ಕೇಳಿದೆ. ಮಗು ಎಷ್ಟು ಸಲ ಕಕ್ಕ ಮಾಡಿತು, ಯಾವ ಬಣ್ಣ ಇತ್ತು, ಕುಡಿದ ಹಾಲನ್ನು ಎಷ್ಟು ಸಲ ಕಕ್ಕಿತು, ಎಲ್ಲ ನೀನು ಒಂದೇ ಉಸಿರಿಗೆ ಹೇಳಿದೆ. ‘ಅದಿರಲಿ, ನಿನ್ನ ಹೊಟ್ಟೆ ಹೇಗಿದೆ’ ಅಂದಾಗ ಮಾತು ನಿಂತುಹೋಯಿತು. ಆಮೇಲೆ ಸಣ್ಣ ದನಿಯಲ್ಲಿ, ‘ನಾಲ್ಕು ದಿನ ಆಯ್ತು ದೊಡ್ಡಮ್ಮ, ಹೋಗೋಕೇ ಭಯ’ ಅಂದೆ. ಅಷ್ಟರಲ್ಲಿ ಕೋಣೆಗೆ ಯಾರೋ ಬಂದರೆಂದು ಕಾಣುತ್ತದೆ, ಮಾತು ಬದಲಾಯಿಸಿಬಿಟ್ಟೆ. ಅಲ್ಲಿಗೇ ಬಿಡುವ ವಿಷಯ ಅದಲ್ಲ. ಅದಕ್ಕೇ ಈ ಕಾಗದ. ಮಗು ಮಲಗಿದ ಹೊತ್ತಿನಲ್ಲಿ ನಿಧಾನವಾಗಿ ಓದು, ನಿನ್ನ ಗಂಡನಿಗೂ ಓದಿಸು.

ನಾನು ಆರೋಗ್ಯ ಇಲಾಖೆಯಲ್ಲಿದ್ದಷ್ಟು ಕಾಲವೂ ಹಳ್ಳಿಗಳ ಬಾಣಂತಿ ಕೋಣೆಗಳಿಗೆ ಹೋಗಿಬಂದವಳು. ಎಲ್ಲ ಕೋಣೆಗಳಲ್ಲೂ ಒಂದೇ ನೋಟ. ಮಗುವಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ಅಜ್ಜಿ ನೋಡುತ್ತಾಳೆ, ಅತ್ತೆ ನೋಡುತ್ತಾಳೆ, ನೆರೆಮನೆಯವಳೂ ಬಂದು ಒಂದು ಮಾತು ಹೇಳಿ ಹೋಗುತ್ತಾಳೆ. ಪಕ್ಕದಲ್ಲೇ ಮಲಗಿರುವ ಹೆತ್ತವಳು ಎರಡಕ್ಕೆ ಹೋಗಿ ಎಷ್ಟು ದಿನವಾಯಿತು, ಹೋದಾಗ ನೋವಾಯಿತೇ, ರಕ್ತ ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ. ಹೊಲಿಗೆಯ ನೋವು ಹೇಳಬಹುದು, ಎದೆ ಬಿಗಿದದ್ದು ಹೇಳಬಹುದು, ಇದನ್ನು ಮಾತ್ರ ಹೇಳಬಾರದು ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರು ಕಲಿಸಿದರೋ. ನನ್ನ ಹತ್ತಿರ ನಿನಗೆ ಆ ಸಂಕೋಚ ಬೇಡ.

ಮೊದಲು ಇದು ಯಾಕಾಯಿತು ಅಂತ ತಿಳಿದುಕೋ, ಅರ್ಧ ಭಯ ಅಲ್ಲೇ ಹೋಗುತ್ತದೆ. ಬಸುರಿಯಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರಿ ಗರ್ಭಕೋಶದ ಸ್ನಾಯುಗಳನ್ನು ಸಡಿಲವಾಗಿ ಇಡುತ್ತದೆ. ಅದರ ಪ್ರಭಾವ ಕರುಳಿನ ಮೇಲೂ ಬೀಳುವುದರಿಂದ ಆಹಾರ ಮುಂದೆ ಸಾಗುವುದು ನಿಧಾನ. ಏಳನೇ ತಿಂಗಳ ಮೇಲೆ ನಿನಗೆ ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ ಎಲ್ಲ ಬಂದದ್ದಕ್ಕೂ ಅದೇ ಒಂದು ಕಾರಣ. ಹೆರಿಗೆಯಾದ ಮರುದಿನವೇ ಕರುಳು ಮೊದಲಿನ ಚುರುಕಿಗೆ ಬರುವುದಿಲ್ಲ. ಅದರ ಮೇಲೆ ಕಬ್ಬಿಣದ ಮಾತ್ರೆ. ಅದರ ಮೇಲೆ ಹೊಲಿಗೆ ಬಿಚ್ಚೀತೆಂಬ ಹೆದರಿಕೆ. ಹೆದರಿ ತಡೆದುಕೊಂಡಷ್ಟೂ ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರುತ್ತ ಹೋಗುತ್ತದೆ. ಅದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯಿಸುತ್ತದೆ, ನೋವಾದ ಮೇಲೆ ಮತ್ತೆ ಹೆದರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು, ಮತ್ತು ಅತಿ ಸುಲಭವಾಗಿ ಕಡಿಯಲು ಬರುವ ಜಾಗ ನೀರು.

ಇಲ್ಲೇ ನಿನ್ನ ಅಮ್ಮನಿಗೂ ನನಗೂ ಹಳೆಯ ವಾದ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಬರುತ್ತದೆ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಅವಳು ನಂಬಿದ್ದಾಳೆ. ಅವಳ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ, ಆದರೆ ಈ ನಂಬಿಕೆಯಲ್ಲಿ ಹುರುಳಿಲ್ಲ. ಮಗು ಹಾಲನ್ನು ಚೆನ್ನಾಗಿ ಹಿಡಿದ ಮೇಲೆ ತಾಯಿಯೊಬ್ಬಳು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕೊಡುತ್ತಾಳೆ. ಅದರಲ್ಲಿ ನೂರಕ್ಕೆ 87 ಪಾಲು ನೀರೇ. ಹೊರಗಿನಿಂದ ನೀರು ಬರದಿದ್ದರೆ ಮೈ ಹಾಲಿಗೆ ಮೊದಲು ಕೊಟ್ಟು, ಆ ನೀರನ್ನು ನಿನ್ನ ಕರುಳಿನಿಂದ ಹೀರಿಕೊಳ್ಳುತ್ತದೆ. ತಣ್ಣೀರು ಬೇಡವೆಂದರೆ ಬೇಡ, ಕಾದಾರಿದ ನೀರು ಕುಡಿ, ಓಮದ ನೀರು ಕುಡಿ, ಜೀರಿಗೆ ನೀರು ಕುಡಿ. ಪ್ರತಿ ಸಲ ಮಗುವಿಗೆ ಹಾಲು ಕೊಡಲು ಕೂರುವ ಮುಂಚೆ ಕೈಗೆಟಕುವಲ್ಲಿ ಒಂದು ಲೋಟ ಇಟ್ಟುಕೋ. ರಾತ್ರಿಯೂ ಅಷ್ಟೇ.

ಬಾಣಂತನವನ್ನು ನಾನು ಹೀಗಳೆಯುತ್ತಿದ್ದೇನೆ ಅಂತ ತಿಳಿಯಬೇಡ. ನಲವತ್ತು ದಿನ ಒಬ್ಬಳನ್ನು ಕೆಲಸಕ್ಕೆ ಹಚ್ಚದೆ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಹೊತ್ತುಹೊತ್ತಿಗೆ ಬಿಸಿ ಊಟ ಬಡಿಸುವ ಪದ್ಧತಿ ನಮ್ಮಲ್ಲಿರುವುದು ದೊಡ್ಡ ಭಾಗ್ಯ. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕರಾವಳಿಯವರ ಮೆಂತ್ಯದ ಗಂಜಿ, ಧಾರವಾಡದ ಕಡೆಯ ಅಂಟಿನುಂಡೆ, ಎಲ್ಲವೂ ಇರಲಿ. ಕಷ್ಟ ಇರುವುದು ಕೊಡುವುದರಲ್ಲಲ್ಲ, ತಡೆಯುವುದರಲ್ಲಿ. ಬೇಳೆ ಗ್ಯಾಸು, ಬದನೆಕಾಯಿ ನಂಜು, ಕುಂಬಳ ಶೀತ, ಬಾಳೆಹಣ್ಣು ಕಫ, ಮೊಸರು ಬೇಡವೇ ಬೇಡ. ಒಂದೊಂದಾಗಿ ಬಿಡಿಸುತ್ತ ಹೋದರೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ, ತುಪ್ಪ, ತಿಳಿಸಾರು. ಹೀಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡ ತಾಯಂದಿರ ಹಾಲಿನಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಕಡಿಮೆಯಾಗಿ, ಎಳೆಗೂಸುಗಳಿಗೆ ಬೆರಿಬೆರಿ ಬಂದು ಹೃದಯವೇ ಸೋತ ಪ್ರಕರಣಗಳು ವೈದ್ಯರಿಗೆ ಗೊತ್ತಿವೆ. ಪಥ್ಯ ತಾಯಿಯ ಕರುಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಪುಟ್ಟಿ.

ನೀನು ತಿಂದ ಬೇಳೆಯ ಗ್ಯಾಸು ಹಾಲಿಗೆ ಇಳಿಯುವುದಿಲ್ಲ. ಗ್ಯಾಸು ನಿನ್ನ ಕರುಳಿನಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ನಾರು ರಕ್ತಕ್ಕೇ ಸೇರುವುದಿಲ್ಲ, ಹಾಲಿಗೆ ಹೇಗೆ ಸೇರೀತು? ಎಲ್ಲೋ ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನು ತಾಯಿಹಾಲಿನ ಮೂಲಕವೂ ಒಗ್ಗದೆ, ಮಲದಲ್ಲಿ ಲೋಳೆಯೋ ರಕ್ತದ ಎಳೆಯೋ ಕಾಣಿಸಬಹುದು. ಅಂಥದ್ದಾದರೆ ಡಾಕ್ಟರು ಹೇಳಿದ ಮೇಲೆ ನೀನು ಹಸುವಿನ ಹಾಲು ಬಿಟ್ಟು ನೋಡುವುದು. ಸುಮ್ಮಸುಮ್ಮನೆ ಯಾವುದನ್ನೂ ಬಿಡಬೇಡ. ಮೊದಲ ಆರು ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಲೆಕ್ಕ ಹಾಕಿದೆ. ಅಮ್ಮ ಒಪ್ಪದಿದ್ದರೆ ಅಂಗನವಾಡಿಯ ತಟ್ಟೆಯನ್ನು ತೋರಿಸು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಗೂ ಬಾಣಂತಿಗೂ ಅನ್ನದ ಜೊತೆ ಬೇಳೆ, ತರಕಾರಿ, ಸೊಪ್ಪು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಎಲ್ಲ ಇದೆ. ಒಂದು ಹೊತ್ತಾದರೂ ರಾಗಿ ಮುದ್ದೆಯೋ ರೊಟ್ಟಿಯೋ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಮುದ್ದೆಗೆ ಸೊಪ್ಪಿನ ಬಸ್ಸಾರು, ಮಧ್ಯಾಹ್ನ ಹೊಸದಾಗಿ ಕಡೆದ ಮಜ್ಜಿಗೆ, ಸಂಜೆ ಪಪ್ಪಾಯಿಯೋ ಸೀಬೆಯೋ. ಪಪ್ಪಾಯಿ ಎಂದರೆ ಅಮ್ಮ ಹೌಹಾರಬಹುದು. ಹೆರಿಗೆಯಾದ ಮೇಲೆ ಹಣ್ಣಾದ ಪಪ್ಪಾಯಿ ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದು ನಾನು ಹೇಳಿದೆನೆಂದು ಹೇಳು.

ಕಬ್ಬಿಣದ ಮಾತ್ರೆಯನ್ನು ಮಾತ್ರ ಸಿಟ್ಟಿನಲ್ಲಿ ನಿಲ್ಲಿಸಬೇಡ. ಹೆರಿಗೆಯ ನಂತರ 180 ದಿನ ಅದು ಬೇಕು. ಮಲ ಕಪ್ಪಗಾಗುವುದು ಅದರ ಸಹಜ ಗುಣ, ಗಾಬರಿಯಿಲ್ಲ. ಕಾಫಿ, ಟೀ ಜೊತೆಗೆ ನುಂಗಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಒಂದು ಬೆಳಿಗ್ಗೆ, ಒಂದು ರಾತ್ರಿ ಅಂತ ಇಟ್ಟುಕೋ. ಹೊಟ್ಟೆ ತೀರಾ ಕಟ್ಟಿದರೆ ಬೇರೆ ಬಗೆಯ ಕಬ್ಬಿಣ ಬರೆದುಕೊಡಿ ಎಂದು ಡಾಕ್ಟರನ್ನೇ ಕೇಳು.

ಇನ್ನು ಹೋಗುವ ವಿಷಯ. ಬೆಳಿಗ್ಗೆ ತಿಂಡಿಯಾದ ಮೇಲೆ ಹೊಟ್ಟೆ ತುಂಬಿದ ಸುದ್ದಿ ದೊಡ್ಡ ಕರುಳಿಗೆ ತಲುಪಿ ಅದು ತಾನಾಗಿ ಚಲಿಸುತ್ತದೆ. ಆಗ ಕಾಲು ಗಂಟೆ ಮಗುವನ್ನು ನಿನ್ನ ಗಂಡನೋ ಅಮ್ಮನೋ ಎತ್ತಿಕೊಂಡಿರಲಿ, ಮಗು ಅತ್ತರೂ ನಿನ್ನನ್ನು ಕರೆಯಬಾರದೆಂದು ಮೊದಲೇ ಹೇಳಿಡು. ನಿಮ್ಮ ಮನೆಯ ಕಮೋಡು ಎತ್ತರ, ಕಾಲ ಕೆಳಗೆ ಗಿಡ್ಡ ಸ್ಟೂಲೋ ಮಣೆಯೋ ಇಟ್ಟುಕೊಂಡು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಕೂತು ಸ್ವಲ್ಪ ಮುಂದಕ್ಕೆ ಬಾಗು. ಮುಕ್ಕರಿಯಬೇಡ. ಹೊಲಿಗೆಯ ಜಾಗಕ್ಕೆ ಶುಭ್ರವಾದ ಬಟ್ಟೆಯ ಮಡಿಕೆಯನ್ನು ಮೆತ್ತಗೆ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ. ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವಂಥದ್ದಲ್ಲ. ಆಮೇಲೆ ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂತುಕೋ. ಇಷ್ಟಾದರೂ ಆಗದಿದ್ದರೆ ಹಾಲೂಡಿಸುವವರು ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಲ್ಯಾಕ್ಟುಲೋಸ್ ಸಿರಪ್ಪನ್ನು ಡಾಕ್ಟರುಗಳು ಬರೆದುಕೊಡುವುದುಂಟು. ಇಸಬ್‌ಗೋಲ್ ಆದರೆ ಜೊತೆಗೆ ಧಾರಾಳವಾಗಿ ನೀರು ಕುಡಿಯಲೇಬೇಕು, ಇಲ್ಲವಾದರೆ ಅದೇ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ನಿನಗೆ ಬೇರೆ ಯಾರೂ ಹೇಳಲಾರರು. ಹೆರಿಗೆಯಲ್ಲಿ ಆಳವಾಗಿ ಹರಿದವರಿಗೆ, ಇಕ್ಕುಳ ಹಾಕಿಸಿಕೊಂಡವರಿಗೆ ಕೆಲವೊಮ್ಮೆ ಗಾಳಿ ತಡೆಯಲಾಗುವುದಿಲ್ಲ, ಬಟ್ಟೆಗೆ ತಿಳಿಯದಂತೆ ಸ್ವಲ್ಪ ಮಲ ಹೋಗುವುದೂ ಉಂಟು. ಎಷ್ಟೋ ಹೆಂಗಸರು ಅದನ್ನು ಮುಚ್ಚಿಟ್ಟುಕೊಂಡು ಮದುವೆ, ಮುಂಜಿ, ಬಸ್ಸಿನ ಪ್ರಯಾಣ ಎಲ್ಲ ಬಿಟ್ಟು ಮನೆಯೊಳಗೇ ಉಳಿದುಬಿಡುತ್ತಾರೆ. ಗುದದ ಸುತ್ತಲಿನ ಸ್ನಾಯುವಿಗೆ ಪೆಟ್ಟಾಗಿರುವುದರಿಂದ ಹಾಗಾಗುವುದು. ಅದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ. ನಿನಗೆ ಅಂಥದ್ದೇನಾದರೂ ಇದ್ದರೆ ಆರನೇ ವಾರದ ತಪಾಸಣೆಯಲ್ಲಿ ಬಾಯಿಬಿಟ್ಟು ಹೇಳು. ಕೆಂಪು ರಕ್ತ ಬೀಳುತ್ತಿದ್ದರೂ ಹೇಳು. ಬಹಳಷ್ಟು ಸಲ ಅದು ಮೂಲವ್ಯಾಧಿಯೋ ಗುದದ ಬಿರುಕೋ ಆಗಿರುತ್ತದೆ, ನೋಡಿಸಿಕೊಂಡರೆ ಗೊತ್ತಾಗುತ್ತದೆ.

ಈಗ ಚಿನ್ನಾರಿಯ ಕಡೆ ಬರುತ್ತೇನೆ. ತಾಯಿಹಾಲು ಕುಡಿಯುವ ಕೂಸು ದಿನಕ್ಕೆ ಎಂಟು ಹತ್ತು ಸಲ ಸಾಸಿವೆ ಕಲಸಿದಂತೆ ಹಳದಿಯಾಗಿ ಮಾಡಿದರೂ ಅದು ಭೇದಿಯಲ್ಲ. ತಿಂಗಳು ತುಂಬಿದ ಮೇಲೆ ಕೆಲವು ಮಕ್ಕಳು ನಾಲ್ಕಾರು ದಿನಕ್ಕೊಮ್ಮೆ ಮಾಡುತ್ತವೆ. ಮೆತ್ತಗಿದ್ದು, ಮಗು ಚೆನ್ನಾಗಿ ಕುಡಿಯುತ್ತ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತ, ತೂಕ ಏರುತ್ತಿದ್ದರೆ ಅದೂ ಸರಿಯೇ. ನನಗೆ ಎಷ್ಟು ಸಲ ನೆನೆದರೂ ಆಶ್ಚರ್ಯವಾಗುವ ಒಂದು ಸಂಗತಿ ಹೇಳುತ್ತೇನೆ. ನಿನ್ನ ಹಾಲಿನಲ್ಲಿ ಮಗುವಿಗೆ ಜೀರ್ಣಿಸಲು ಬಾರದ ಒಂದು ಬಗೆಯ ಸಕ್ಕರೆಗಳಿವೆ. ನೀರು, ಹಾಲಿನ ಸಕ್ಕರೆ ಮತ್ತು ಕೊಬ್ಬನ್ನು ಬಿಟ್ಟರೆ ಹಾಲಿನಲ್ಲಿ ಅತಿ ಹೆಚ್ಚು ಇರುವುದು ಅವೇ. ಅವು ಕೂಸಿನ ಕರುಳಿನಲ್ಲಿ ನೆಲೆಸಬೇಕಾದ ಬೈಫಿಡೊ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಮಗುವಿಗೂ ಅದರ ಹೊಟ್ಟೆಯೊಳಗಿನ ಬಳಗಕ್ಕೂ ನೀನೇ ಉಣಿಸುತ್ತಿದ್ದೀಯ.

ಆದ್ದರಿಂದ ಆರು ತಿಂಗಳವರೆಗೆ ಬೇರೇನೂ ಬೇಡ, ನೀರೂ ಬೇಡ. ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯ್ದು ನೆಕ್ಕಿಸಲು ಸಾಣೆಕಲ್ಲು ಆಗಲೇ ತೊಳೆದಿಟ್ಟಿರುತ್ತಾರೆ, ನನಗೆ ಗೊತ್ತು. ಆ ಕಲ್ಲಿನಲ್ಲಿ, ನೀರಿನಲ್ಲಿ, ಬೆರಳಿನಲ್ಲಿ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಲೂಬಾರದು, ಅದರಲ್ಲಿ ಬಾಟ್ಯುಲಿಸಂ ರೋಗದ ಬೀಜಕಣಗಳಿರಬಹುದು. ಹರಳೆಣ್ಣೆ ಕುಡಿಸುವುದು, ಸ್ನಾನದಲ್ಲಿ ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳನ್ನು ನಾನು ಕಂಡಿದ್ದೇನೆ. ಸಂಜೆಯಾದರೆ ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತದೆ ಅಂದೆಯಲ್ಲ, ಅದು ಆರನೇ ವಾರದ ಹೊತ್ತಿಗೆ ಇನ್ನೂ ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ಗ್ರೈಪ್ ವಾಟರ್ ತರಲೇ ಎಂದು ನೀನು ಕೇಳಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ಮಾಡಿದ ಔಷಧಿಯದು, ಸಬ್ಬಸಿಗೆ ಬೀಜದ ಎಣ್ಣೆ ಮತ್ತು ಅಡುಗೆ ಸೋಡ ಇದ್ದದ್ದು, ಹಳೆಯ ಕಾಲದಲ್ಲಿ ಅದರಲ್ಲಿ ಮದ್ಯಸಾರವೂ ಇತ್ತು. ಈಗ ಮದ್ಯಸಾರ ಇಲ್ಲದಿದ್ದರೂ ನಿನ್ನ ಮಗುವಿಗೆ ಅದರ ಅಗತ್ಯವಿಲ್ಲ. ಹೆಗಲಿಗೆ ಹಾಕಿಕೊಂಡು ತೇಗಿಸು, ಎದೆಗೆ ಒತ್ತಿಕೊಂಡು ಓಡಾಡು, ಸೋತಾಗ ಬೇರೆಯವರ ಕೈಗೆ ಕೊಡು.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಬೇರೆ. ವಾಂತಿ ಹಸಿರು ಬಣ್ಣದಲ್ಲಿ ಬಂದರೆ, ಹೊಟ್ಟೆ ಉಬ್ಬಿ ಬಿರುಸಾಗಿ ಮಲವೂ ಗಾಳಿಯೂ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯುವುದನ್ನೇ ಬಿಟ್ಟು ಮಂಕಾದರೆ, ಈ ಎಳೆ ವಯಸ್ಸಿನಲ್ಲಿ ಜ್ವರವೋ ನೀರುಭೇದಿಯೋ ಬಂದರೆ ರಾತ್ರಿಯೆನ್ನದೆ ಹೊರಡಿ. ಬಹಳ ಜನಕ್ಕೆ ತಿಳಿಯದ ಇನ್ನೊಂದಿದೆ. ಹದಿನೈದು ದಿನ ಕಳೆದರೂ ಕಣ್ಣು ಹಳದಿಯಾಗಿಯೇ ಇದ್ದು, ಮಲ ಸುಣ್ಣದ ಹಾಗೆ ಬೆಳ್ಳಗಿದ್ದರೆ ಪಿತ್ತನಾಳ ಮುಚ್ಚಿಕೊಂಡಿರುವ ಸಂದೇಹ. ಅದಕ್ಕೆ ಎರಡು ತಿಂಗಳು ತುಂಬುವ ಮೊದಲು ಶಸ್ತ್ರಚಿಕಿತ್ಸೆಯಾದರೆ ಫಲ ಹೆಚ್ಚು. ಅಜ್ಜಿಯರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಲ್ಲಿ ಜೀವ ಉಳಿಸುತ್ತದೆ.

ಆರನೇ ವಾರದ ಲಸಿಕೆಯನ್ನು ಯಾವ ಕಾರಣಕ್ಕೂ ಮುಂದೂಡಬೇಡ. ಅಂದು, ಆಮೇಲೆ ಹತ್ತನೇ ಮತ್ತು ಹದಿನಾಲ್ಕನೇ ವಾರದಲ್ಲಿ ರೋಟಾ ಲಸಿಕೆಯನ್ನು ಬಾಯಿಗೆ ಹಾಕುತ್ತಾರೆ. ಮಕ್ಕಳ ತೀವ್ರ ಭೇದಿಗೆ ರೋಟಾ ವೈರಸ್ಸು ದೊಡ್ಡ ಕಾರಣ. ಈ ಲಸಿಕೆಯ ಕಥೆಯಲ್ಲಿ ನಿಮ್ಮ ಬೆಂಗಳೂರಿನ ಪಾಲೂ ಇದೆ. ನವಜಾತ ಶಿಶುಗಳಲ್ಲಿ ಕೆಲವು ರೋಟಾ ತಳಿಗಳು ಕಾಯಿಲೆ ತಾರದೆ ಸುಮ್ಮನೆ ಇರುವುದನ್ನು ಕಂಡ ವಿಜ್ಞಾನಿಗಳು, ಅವುಗಳಿಂದಲೇ ಲಸಿಕೆ ಮಾಡಬಹುದೇ ಎಂದು ಹೊರಟರು. ಬೆಂಗಳೂರಿನ ಕೂಸುಗಳಲ್ಲಿ ಸಿಕ್ಕ ಐ321 ತಳಿಯ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್, ದೆಹಲಿಯಲ್ಲಿ ಸಿಕ್ಕ 116ಇ ತಳಿಯ ಮೇಲೆ ಏಮ್ಸ್‌ನ ಎಂ. ಕೆ. ಭಾನ್ ಕೆಲಸ ಮಾಡಿದರು. ಪರೀಕ್ಷೆಗಳಲ್ಲಿ ದೆಹಲಿಯ ತಳಿ ಮುಂದೆ ಬಂದು ರೋಟಾವ್ಯಾಕ್ ಆಯಿತು. 2016ರಿಂದ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಲಸಿಕೆಯನ್ನು ಹಂತಹಂತವಾಗಿ ಸೇರಿಸಿದರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಆಗ ನಮ್ಮ ಚೀಲದಲ್ಲಿ ಇದ್ದದ್ದು ಓಆರ್‌ಎಸ್ ಪೊಟ್ಟಣ. ಭೇದಿಯಾಗುವಾಗ ಕುಡಿಸಿದರೆ ಇನ್ನೂ ಹೆಚ್ಚಾಗುತ್ತದೆ ಎಂದು ಬಾಯಿ ಒಣಗಿದ ಮಗುವಿಗೂ ನೀರು ಕೊಡದ ಮನೆಗಳಿದ್ದವು. ಅವರ ಮುಂದೆ ಕೂತು ಚಮಚ ಚಮಚವಾಗಿ ಕುಡಿಸಿ ತೋರಿಸಬೇಕಾಗಿತ್ತು. ಸಣ್ಣ ಕರುಳಿನಲ್ಲಿ ಸಕ್ಕರೆ ಉಪ್ಪಿನ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಅವೆರಡರ ಬೆನ್ನಿಗೆ ನೀರು ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬೊನ್‌ಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಸೋಡ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಕೊಟ್ಟರು.

ನಿನ್ನ ಮಗು ಅಂಬೆಗಾಲಿಟ್ಟು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಎರಡು ಪೊಟ್ಟಣ ಮನೆಯಲ್ಲಿರಲಿ. ದೊಡ್ಡ ಪೊಟ್ಟಣ 20.5 ಗ್ರಾಮಿನದು, ಅದಕ್ಕೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಲೋಟಕ್ಕೆ ಚಿಟಿಕೆಯಂತೆ ಹಾಕಬೇಡ, ಅಳತೆ ತಪ್ಪಿದರೆ ಉಪ್ಪು ಹೆಚ್ಚಾಗುತ್ತದೆ. ಕಲಸಿದ್ದು 24 ಗಂಟೆಗೆ ಮುಗಿಯಿತು, ಉಳಿದದ್ದು ಚೆಲ್ಲು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರ್, ನಿಧಾನವಾಗಿ. ಜೊತೆಗೆ ಹದಿನಾಲ್ಕು ದಿನ ಸತುವಿನ ಮಾತ್ರೆ, ಭೇದಿ ನಿಂತರೂ ಪೂರ್ತಿ ಕೊಡಬೇಕು. ಎದೆಹಾಲು ನಿಲ್ಲಿಸಬಾರದು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಬರೆದ ಸಿಹಿ ಪಾನೀಯಗಳು ಬಹಳ ಕಾಲ ಮಾರಾಟವಾದವು. ಸಕ್ಕರೆ ಅತಿಯಾದರೆ ಅದು ಕರುಳಿಗೇ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನು ಅಂಥ ಪಾನೀಯಗಳ ಮೇಲೆ ಬಳಸಕೂಡದೆಂದು ಆದೇಶಿಸಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಸಿಗುವ ಪೊಟ್ಟಣ ಸಾಕು.

ಕೊನೆಗೆ ನಿನ್ನ ಮನಸ್ಸಿನ ಮಾತು. ‘ಹಸಿವೇ ಆಗಲ್ಲ’ ಅಂತಲೂ ಅಂದೆ. ನಿದ್ದೆಗೆಟ್ಟು ಹಾಗನ್ನಿಸಬಹುದು. ಆದರೆ ಊಟ ಸೇರದಿರುವುದು, ಕಾರಣವಿಲ್ಲದೆ ಅಳು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು ಎರಡು ವಾರ ದಾಟಿ ನಡೆದರೆ ಅದನ್ನು ಅಜೀರ್ಣ ಎಂದು ತಳ್ಳಿಹಾಕಬೇಡ. ಡಾಕ್ಟರಿಗೆ ಹೇಳು, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ಎಷ್ಟು ಹೊತ್ತಿಗಾದರೂ ಸರಿ.

ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಹೊಸ ರಾಗಿ ಬಂದಿರುತ್ತದೆ. ಅದನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿ ಕಳಿಸುತ್ತೇನೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ರಾಗಿ ಸರಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಪುಟ್ಟ ಬಟ್ಟಲಿನಲ್ಲೇ ಹೆಚ್ಚು ಹಿಟ್ಟು ಹಿಡಿಸಬಹುದು, ನೀರಾಗಿಸಿ ಹೊಟ್ಟೆ ತುಂಬಿಸಬೇಕಾಗಿಲ್ಲ. ಹುರಿಯುವಾಗ ಹೆಚ್ಚು ಕಾಯಿಸಿದರೆ ಆ ಗುಣ ಹೋಗುತ್ತದೆ, ಅದಕ್ಕೇ ನಾನೇ ನಿಂತು ಮಾಡಿಸುತ್ತೇನೆ. ಬಟ್ಟೆಯಲ್ಲಿ ಸೋಸಿ ಮಾಡುವ ವಿಧಾನ ನಿನ್ನ ಅಮ್ಮನಿಗೆ ಗೊತ್ತು, ಅದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸರಿಯ ಜೊತೆಗೇ ಬೇಳೆ, ಸೊಪ್ಪು, ಹಣ್ಣು, ಮೊಟ್ಟೆಯನ್ನೂ ಒಂದೊಂದಾಗಿ ರೂಢಿ ಮಾಡಿಸು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ಮೊದಲು ನಿನ್ನದನ್ನು ಹೇಳು, ಆಮೇಲೆ ಮಗುವಿನದು. ಈ ಕಾಗದದ ನೀರಿನ ಭಾಗವನ್ನು ಅಮ್ಮನಿಗೆ ನೀನೇ ಓದಿ ಹೇಳು, ಅವಳು ಸಿಟ್ಟಾದರೆ ಫೋನು ಅವಳ ಕೈಗೆ ಕೊಡು.

ನಿನ್ನ ಪ್ರೀತಿಯ,
ದೊಡ್ಡಮ್ಮ